ಅರೆಕ್ಷಣ ತಡೆಯುವ ಕಾರು

ಹುಬ್ಬಳ್ಳಿಯ ಗ್ಯಾರೇಜುಗಳಲ್ಲಿ ಎಂಜಿನ್ನಿನ ಬೇನೆಗಳಿಗೆ ಬೇರೆ ಬೇರೆ ಹೆಸರುಗಳಿವೆ. ಒಂದು ಸಿಲಿಂಡರು ಉರಿಯದೆ ಬಿಟ್ಟು ಬಿಟ್ಟು ಓಡಿದರೆ ‘ಮಿಸ್ಸಿಂಗ್’. ಏರಿನಲ್ಲಿ ದಮ್ಮು ಸಾಲದಿದ್ದರೆ ‘ಪಿಕಪ್ ಇಲ್ಲ’. ಎಕ್ಸಲರೇಟರ್ ತುಳಿದ ಕೂಡಲೇ ಮುಂದಕ್ಕೆ ಹಾರಬೇಕಾದ ಗಾಡಿ ಅರೆಕ್ಷಣ ಏನೂ ಕೇಳಿಸದವರಂತೆ ತಡೆದು, ಆಮೇಲೆ ದಬಕ್ಕನೆ ನುಗ್ಗಿದರೆ ‘ಗ್ಯಾಪ್ ಹೊಡೀತೈತಿ’. ಮೊದಲಿನ ಎರಡು ಬೇನೆ ಹಿಡಿಯುವುದು ಅಷ್ಟು ಕಷ್ಟವಲ್ಲ. ಮೂರನೆಯದು ಹಾಗಲ್ಲ. ಮಿಸ್ತ್ರಿ ಪಕ್ಕದಲ್ಲಿ ಕೂತಾಗ ಅದು ಬರುವುದಿಲ್ಲ, ಅವನು ಇಳಿದು ಹೋದ ಮೇಲೆ ಬರುತ್ತದೆ.

ನಮ್ಮ ಅಣ್ಣ ಬಿಟ್ಟುಹೋದ ಸ್ಯಾನ್ ಸ್ಟಾರ್ಮ್ ಕಾರಿಗೆ ಇದ್ದದ್ದು ಈ ಮೂರನೆಯ ಬೇನೆ.

ಸ್ಯಾನ್ ಸ್ಟಾರ್ಮ್ ಅಂದರೆ ಈಗಿನ ಹುಡುಗರಿಗೆ ಗೊತ್ತಾಗಲಿಕ್ಕಿಲ್ಲ. ಬೆಂಗಳೂರು ಮೂಲದ ಒಂದು ಕಂಪನಿ 1998ರ ಸುಮಾರಿಗೆ ಗೋವಾದಲ್ಲಿ ತಯಾರಿಸಲು ಶುರುಮಾಡಿದ ಪುಟ್ಟ ಸ್ಪೋರ್ಟ್ಸ್ ಕಾರು ಅದು. ಎರಡೇ ಸೀಟು. ಮೇಲಿನ ಬಟ್ಟೆಯ ಟಪ್ಪನ್ನು ಹಿಂದಕ್ಕೆ ಮಡಚಿದರೆ ತಲೆಯ ಮೇಲೆ ಆಕಾಶ. ವಿನ್ಯಾಸ ಮಾಡಿದವರು ಫ್ರಾನ್ಸಿನವರು, ಒಳಗಿರುವುದು 1149 ಸಿಸಿಯ ರೆನೋ ಎಂಜಿನ್, ಸುಮಾರು 60 ಅಶ್ವಶಕ್ತಿ. ಇಂದಿನ ಲೆಕ್ಕದಲ್ಲಿ ಅದು ದೊಡ್ಡ ಶಕ್ತಿಯೇನೂ ಅಲ್ಲ. ಆದರೆ ಅದರ ಮೈ ತಗಡಿನದಲ್ಲ, ಫೈಬರ್ ಗ್ಲಾಸಿನದು. ಮೈ ಹಗುರ, ಹಾಗಾಗಿ ಓಟ ಚುರುಕು. ಮಾರಾಟವಾದದ್ದು ಬಹಳ ಕಡಿಮೆ. ವಾಸ್ಕೋದಲ್ಲಿ ನೌಕರಿಯಲ್ಲಿದ್ದ ಅಣ್ಣ ಅಂಥದೊಂದನ್ನು 2008ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡ. ಹುಬ್ಬಳ್ಳಿಗೆ ವರ್ಗವಾಗಿ ಬಂದಾಗ ಕೆಎ 25 ನಂಬರು ಹಾಕಿಸಿಕೊಂಡ. ಕೆಂಪು ಬಣ್ಣದ ಆ ಕಾರು ನಮ್ಮ ಓಣಿಗೆ ಬಂದರೆ ಹುಡುಗರೆಲ್ಲ ಚೆಂಡು ಬಿಟ್ಟು ಓಡಿ ಬರುತ್ತಿದ್ದರು.

ಅಣ್ಣ 2019ರಲ್ಲಿ ತೀರಿಕೊಂಡ. ಕಾರು ವೈನಿಯ ಹೆಸರಿಗಾಯಿತು. ವೈನಿಗೆ ಡ್ರೈವಿಂಗ್ ಬರುವುದಿಲ್ಲ. ಮಗಳು ಹದಿನೆಂಟು ತುಂಬಿಸಿ ಲೈಸೆನ್ಸ್ ಮಾಡಿಸಿಕೊಂಡ ದಿನ ಕೇಳಿದ್ದು ಒಂದೇ ಮಾತು: “ಅತ್ತೀ, ಪಪ್ಪನ ಕಾರು ನಾ ಹೊಡೀಲೇನು?”

ಬೇಡ ಅಂದದ್ದು ನಮ್ಮ ಅವ್ವ. “ತುಳಿದರ ಓಡಬೇಕು, ಬಿಟ್ಟರ ನಿಲ್ಲಬೇಕು. ಇದು ತುಳಿದರ ವಿಚಾರ ಮಾಡ್ತದ. ಇಂಥಾದ್ದನ್ನ ಹುಡುಗಿ ಕೈಯಾಗ ಕೊಡಬ್ಯಾಡ್ರಿ.”

ಅವ್ವನ ಅಂಜಿಕೆಗೆ ಕಾರಣವಿತ್ತು. ಹುಬ್ಬಳ್ಳಿ-ಧಾರವಾಡದವರಿಗೆ ಬೈಪಾಸ್ ಅಂದರೆ ಏನೆಂದು ಹೇಳಬೇಕಿಲ್ಲ. ಪುಣೆ-ಬೆಂಗಳೂರು ಹೆದ್ದಾರಿ ಉಳಿದೆಲ್ಲ ಕಡೆ ಅಗಲವಾಗಿದ್ದರೂ, ಗಬ್ಬೂರಿನಿಂದ ನರೇಂದ್ರದವರೆಗೆ ಸುಮಾರು 30 ಕಿಲೋಮೀಟರು ಆಗ ಎರಡೇ ಲೇನಿನ ರಸ್ತೆ. ನಡುವೆ ಡಿವೈಡರ್ ಇಲ್ಲ. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ವಾಹನಕ್ಕೆ ಆದ ಅಪಘಾತವನ್ನು ಈ ಕಡೆಯ ಯಾವ ಮನೆಯೂ ಮರೆತಿಲ್ಲ. ಅಂಥ ರಸ್ತೆಯಲ್ಲಿ ಮುಂದಿನ ಲಾರಿಯನ್ನು ದಾಟಲು ಬಲಕ್ಕೆ ಬಂದ ಮೇಲೆ ಕಾರು ‘ವಿಚಾರ’ ಮಾಡಿದರೆ ಏನಾಗುತ್ತದೆ? ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿಲೋಮೀಟರಿನಲ್ಲಿ ನಾವು ಸೆಕೆಂಡಿಗೆ ಸುಮಾರು 17 ಮೀಟರು ಹೋಗುತ್ತೇವೆ. ಎದುರಿನವನು 80ರಲ್ಲಿ ಬಂದರೆ ಸೆಕೆಂಡಿಗೆ 22 ಮೀಟರು. ಕಾರು ಒಂದೇ ಸೆಕೆಂಡು ತಡೆದರೂ ನಮ್ಮ ನಡುವಿನ ಅಂತರದಲ್ಲಿ 39 ಮೀಟರು ಕರಗಿಹೋಗಿರುತ್ತದೆ.

ಇನ್ನೊಂದು ಗಡುವೂ ಇತ್ತು. ಖಾಸಗಿ ಕಾರಿನ ನೋಂದಣಿ ಮೊದಲು 15 ವರ್ಷಕ್ಕೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2002ರ ನಮ್ಮ ಕಾರಿಗೆ ಎರಡನೆಯ ಸರದಿ ಬಂದದ್ದು 2022ರ ಮಾರ್ಚಿಗೆ. ಅದೇ ವರ್ಷ ಏಪ್ರಿಲ್ ಒಂದರಿಂದ ಈ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರುವುದಿತ್ತು. ಮಾರ್ಚ್ ಒಳಗೆ ಒಂದು ತೀರ್ಮಾನವಾಗಬೇಕು ಅಂದರು ವೈನಿ: ರಿಪೇರಿ ಮಾಡಿಸಿ ಇಟ್ಟುಕೊಳ್ಳುವುದು, ಇಲ್ಲ ಗುಜರಿಯವನಿಗೆ ಕೊಡುವುದು. ಗುಜರಿಯವನು ಬಂದು ನೋಡಿಕೊಂಡೂ ಹೋಗಿದ್ದ. ಫೈಬರ್ ಮೈಯನ್ನು ಬೆರಳಿನಿಂದ ಬಡಿದು, “ಇದರಾಗ ಕಬ್ಬಿಣನ ಇಲ್ಲಲ್ರೀ,” ಎಂದು ಬೆಲೆ ಇನ್ನೂ ಇಳಿಸಿದ್ದ.

ಅಷ್ಟರಲ್ಲಿ ವೈನಿ ಎರಡು ಕಡೆ ತೋರಿಸಿ ಆಗಿತ್ತು. ಒಂದು ಕಡೆ ಸ್ಪಾರ್ಕ್ ಪ್ಲಗ್, ಪೆಟ್ರೋಲ್ ಫಿಲ್ಟರ್ ಬದಲಿಸಿದರು. ಇನ್ನೊಂದು ಕಡೆ ಇಗ್ನಿಷನ್ ಕಾಯಿಲ್ ಹಾಕಿದರು, ಪೆಟ್ರೋಲ್ ಪಂಪೂ ಹೊಸದಾಯಿತು. ಪ್ರತಿ ಸಲವೂ ಮಿಸ್ತ್ರಿ ಒಂದು ಸುತ್ತು ಹಾಕಿ ಬಂದು “ಫಸ್ಟ್ ಕ್ಲಾಸ್ ಆಗೈತ್ರಿ,” ಅನ್ನುತ್ತಿದ್ದ. ಎರಡು ದಿನ ಬಿಟ್ಟು ಗ್ಯಾಪ್ ಮತ್ತೆ ಹಾಜರು.

ಕೊನೆಗೆ ನಾವು ಹೋದದ್ದು ಅಣ್ಣನ ಹಳೆಯ ಗೆಳೆಯರೊಬ್ಬರು ತೋರಿಸಿದ ಕಾಕಾನ ಹತ್ತಿರ. ಗೋಕುಲ ರಸ್ತೆಯ ಒಂದು ಮೂಲೆಯಲ್ಲಿ ತಗಡಿನ ಶೆಡ್ಡು, ಹೊರಗೆ ಬೇವಿನ ಮರ. ಕಾಕಾಗೆ ಎಪ್ಪತ್ತು ದಾಟಿದೆ. ಹರೆಯದಲ್ಲಿ ಟ್ಯಾಕ್ಸಿಗೆ ಓಡುತ್ತಿದ್ದ ಫಿಯಟ್, ಅಂಬಾಸಡರ್ ಕಾರುಗಳನ್ನು ನೋಡಿಕೊಂಡವರು. ಅವರು ಬಾನೆಟ್ ತೆಗೆಯಲೇ ಇಲ್ಲ. ಬೇವಿನ ಕೆಳಗೆ ಕುರ್ಚಿ ಹಾಕಿ ಕೂಡಿಸಿ, ವೈದ್ಯರು ಕೇಳುವ ಹಾಗೆ ಕೇಳತೊಡಗಿದರು.

“ಯಾವಾಗ ಗ್ಯಾಪ್ ಹೊಡೀತೈತ್ರಿ ಅಕ್ಕಾರ? ಎಂಜಿನ್ ತಣ್ಣಗ ಇದ್ದಾಗೋ, ಕಾದ ಮ್ಯಾಲೋ? ಟಾಕಿ ತುಂಬಿದ್ದಾಗೋ, ಖಾಲಿ ಇದ್ದಾಗೋ? ಸಾವಕಾಶ ತುಳಿದರ ಬರತೈತೋ, ಗಪ್ಪನ ತುಳಿದರೋ?”

ನಮಗೆ ಉತ್ತರ ಗೊತ್ತಿರಲಿಲ್ಲ. ‘ಒಮ್ಮೊಮ್ಮೆ’ ಎಂದು ಸೊಸೆ ಹೇಳಿದಳು.

“ಒಮ್ಮೊಮ್ಮೆ ಅನ್ನೂದು ಉತ್ತರ ಅಲ್ಲ ಮಗಳ. ಎಂಜಿನ್ನಿಗೆ ಮನಸ್ಸಿಲ್ಲ. ಅದು ಕಾರಣ ಇಲ್ಲದ ಏನೂ ಮಾಡೂದಿಲ್ಲ. ಒಂದು ವಹಿ ಇಟಗೋ. ಎಂಟ್ಹತ್ತು ದಿವಸ ಊರಾಗ ಸಾವಕಾಶ ಹೊಡಿ. ಗ್ಯಾಪ್ ಬಂದಾಗೊಮ್ಮೆ ಬರಿ, ಬರದಿದ್ದಾಗೂ ಬರಿ.”

ಬರದಿದ್ದಾಗಲೂ ಬರೆಯಬೇಕು ಎಂಬ ಮಾತು ನನಗೆ ಬಹಳ ಹಿಡಿಸಿತು. ಬೇನೆ ಇದ್ದ ಹೊತ್ತನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಬೇನೆ ಇಲ್ಲದ ಹೊತ್ತಿನ ಲೆಕ್ಕ ಇದ್ದರೆ ಮಾತ್ರ ಎರಡಕ್ಕೂ ಏನು ಅಂತರ ಎಂದು ತಿಳಿಯುತ್ತದೆ.

ಮನೆಗೆ ಬರುವ ಮೊದಲು ಕಾಕಾ ಇನ್ನೊಂದು ಪಾಠ ಹೇಳಿಕೊಟ್ಟರು. ಎಂಜಿನ್ ಯಾಕೆ ತಡೆಯುತ್ತದೆ? ಪೆಟ್ರೋಲು ಪೂರ್ತಿ ಉರಿಯಲು ಅದರ ತೂಕದ ಹದಿನಾಲ್ಕೂ ಮುಕ್ಕಾಲು ಪಟ್ಟು ಗಾಳಿ ಬೇಕು. ನಾವು ಎಕ್ಸಲರೇಟರನ್ನು ಗಪ್ಪನೆ ತುಳಿದಾಗ ಗಾಳಿ ತಕ್ಷಣ ಒಳಗೆ ನುಗ್ಗುತ್ತದೆ. ಪೆಟ್ರೋಲು ದ್ರವ, ಗಾಳಿಗಿಂತ ಭಾರ. ಅದರಲ್ಲಿ ಕೊಂಚ ಭಾಗ ನಳಿಗೆಯ ಗೋಡೆಗೆ ಅಂಟಿಕೊಂಡು ಹಿಂದೆ ಉಳಿಯುತ್ತದೆ. ಆ ಅರೆಕ್ಷಣ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ. ಇದನ್ನು ಸರಿದೂಗಿಸಲು ಹಳೆಯ ಫಿಯಟ್ಟಿನ ಕಾರ್ಬೊರೇಟರಿನಲ್ಲಿ ಒಂದು ಪುಟ್ಟ ಪಂಪು ಇರುತ್ತಿತ್ತು. ತುಳಿದ ಕೂಡಲೇ ಪಿಚಕಾರಿಯಂತೆ ಒಂದು ಗುಟುಕು ಪೆಟ್ರೋಲು ಹೆಚ್ಚಿಗೆ ಹಾರಿಸುವುದು ಅದರ ಕೆಲಸ. “ಅದರೊಳಗಿನ ರಬ್ಬರ್ ಪದರ ಹರೀತಂದ್ರ ಗ್ಯಾಪ್ ಶುರು. ಆಗ ಹುಡುಕೂದು ಸಸಾರ ಇತ್ತು,” ಅಂದರು ಕಾಕಾ.

ಈ ಕಾರಿನಲ್ಲಿ ಕಾರ್ಬೊರೇಟರು ಇಲ್ಲ, ಇಂಜೆಕ್ಷನ್ ಇದೆ. ಎಕ್ಸಲರೇಟರು ಎಷ್ಟು ತೆರೆದಿದೆ ಎಂದು ಒಂದು ಸೆನ್ಸರು, ನಳಿಗೆಯೊಳಗೆ ಗಾಳಿಯ ಒತ್ತಡ ಎಷ್ಟಿದೆ ಎಂದು ಇನ್ನೊಂದು ಸೆನ್ಸರು ಕಂಪ್ಯೂಟರಿಗೆ ಸುದ್ದಿ ಕೊಡುತ್ತವೆ. ಎಷ್ಟು ಪೆಟ್ರೋಲು ಸಿಂಪಡಿಸಬೇಕು, ಯಾವಾಗ ಕಿಡಿ ಹಾರಿಸಬೇಕು ಎಂಬುದನ್ನು ಕಂಪ್ಯೂಟರು ನಿರ್ಧರಿಸುತ್ತದೆ. ಅಂದರೆ ಗ್ಯಾಪ್ ಬರಲು ಮೂರು ದಾರಿ: ಪೆಟ್ರೋಲು ಸಾಲುತ್ತಿಲ್ಲ, ಕಿಡಿ ಸಾಲುತ್ತಿಲ್ಲ, ಇಲ್ಲವೇ ಸುದ್ದಿ ಸುಳ್ಳು.

ಸೊಸೆ ಗೆರೆ ಎಳೆದು ಕೋಷ್ಟಕ ಮಾಡಿಕೊಂಡಳು. ದಿನ, ಹೊತ್ತು, ಜಾಗ, ಗೇರು, ಎಂಜಿನ್ ಬಿಸಿಯೋ ತಂಪೋ, ಟಾಕಿಯಲ್ಲಿ ಎಷ್ಟು, ಗ್ಯಾಪ್ ದೊಡ್ಡದೋ ಸಣ್ಣದೋ. ಪಕ್ಕದ ಸೀಟಿನಲ್ಲಿ ಪೆನ್ನು ಹಿಡಿದವಳು ನಾನು. ಉಣಕಲ್ ಕೆರೆ ದಂಡೆ, ನವನಗರ, ನೃಪತುಂಗ ಬೆಟ್ಟದ ಏರು, ಒಂದು ಶನಿವಾರ ಧಾರವಾಡದ ನುಗ್ಗೀಕೇರಿ ಹನಮಪ್ಪನ ಗುಡಿ. ಪಕ್ಕದ ಲೇನಿನಲ್ಲಿ ಚಿಗರಿ ಬಸ್ಸುಗಳು ಸುಯ್ಯನೆ ಹೋಗುತ್ತಿದ್ದವು. ನಮ್ಮ ಸ್ಪೋರ್ಟ್ಸ್ ಕಾರು ಆಟೋಗಳ ಹಿಂದೆ. ಹತ್ತು ದಿನಕ್ಕೆ 26 ಸಾಲು ತುಂಬಿದವು.

ರಾತ್ರಿ ಊಟವಾದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ವಹಿ ಬಿಚ್ಚಿದೆವು. ಬಿಸಿ-ತಂಪು ನೋಡಿದೆವು, ಸಂಬಂಧವಿಲ್ಲ. ಟಾಕಿ ನೋಡಿದೆವು, ಸಂಬಂಧವಿಲ್ಲ. ಹೊತ್ತಿನ ಸಾಲಿಗೆ ಬಂದಾಗ ಸೊಸೆ ಬೆರಳು ನಿಲ್ಲಿಸಿದಳು. ದೊಡ್ಡ ಗ್ಯಾಪ್ ಎಂದು ಬರೆದ ಒಂಬತ್ತು ಸಲದಲ್ಲಿ ಎಂಟು ಸಲ ಸಂಜೆ ಆರೂವರೆಯ ಮೇಲೆ. ಇನ್ನೊಂದು ಮಧ್ಯಾಹ್ನ ಮೂರಕ್ಕೆ. ಆ ದಿನದ ಮುಂದೆ ನಾನೇ ಬರೆದಿದ್ದೆ: ‘ಅಕಾಲ ಮಳೆ, ಮೋಡ, ಲೈಟ್ ಹಾಕಿದ್ದೆವು.’

“ಅತ್ತೀ, ಹೊತ್ತಲ್ಲ. ಲೈಟು!” ಅಂದಳು.

ಮರುದಿನವೇ ಕಾಕಾನ ಮುಂದೆ ವಹಿ ಇಟ್ಟೆವು. ಅವರು ಕನ್ನಡಕ ಏರಿಸಿ ಎಲ್ಲ ಸಾಲುಗಳನ್ನೂ ಓದಿದರು. “ಹಿಂದಿನವರು ಯಾಕ ಹಿಡೀಲಿಲ್ಲ ಗೊತ್ತಾತೇನು? ಅವರು ಹಗಲಿನ್ಯಾಗ ಹೊಡದ ನೋಡ್ಯಾರ,” ಅಂದರು. ಆದರೂ ಅವರು ತಕ್ಷಣ ಒಪ್ಪಲಿಲ್ಲ. ಲೈಟೇ ಕಾರಣ ಹೌದಾದರೆ ಹಾಡಹಗಲಿನಲ್ಲಿ ಲೈಟು ಹಾಕಿದರೂ ಗ್ಯಾಪ್ ಬರಬೇಕು, ಬೇರೇನೂ ಬದಲಾಗಬಾರದು. ಭಾನುವಾರ ಕೈಗಾರಿಕಾ ವಸಾಹತಿನ ಖಾಲಿ ರಸ್ತೆಯಲ್ಲಿ ನೋಡಿದೆವು. ಅದೇ ರಸ್ತೆ, ಅದೇ ಮೂರನೆಯ ಗೇರು, ಅದೇ ವೇಗ. ಲೈಟಿಲ್ಲದೆ ಐದು ಸಲ, ಲೈಟು ಹಾಕಿ ಐದು ಸಲ. ಲೈಟಿಲ್ಲದಾಗ ಹೊಸಬರಿಗೆ ತಿಳಿಯದಷ್ಟು ಸಣ್ಣ ಅಳುಕು. ಲೈಟು ಹಾಕಿದಾಗ ಐದಕ್ಕೆ ಐದೂ ಸಲ ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗೆ.

ಕಾಕಾ ಆಗ ಬಾನೆಟ್ ತೆಗೆದರು.

ಮೊದಲು ಪೆಟ್ರೋಲಿನ ಒತ್ತಡಕ್ಕೆ ಗೇಜು ಹಚ್ಚಿ ನೋಡಿದರು. ಲೈಟಿಲ್ಲದಾಗ ಅದು ಸರಿಯಾಗಿತ್ತು. ಎಕ್ಸಲರೇಟರಿನ ಸೆನ್ಸರಿಗೆ ಮಲ್ಟಿಮೀಟರು ಹಚ್ಚಿ ನಿಧಾನಕ್ಕೆ ತುಳಿಸಿದರು. ಅಂಕಿ ಎಲ್ಲಿಯೂ ಜಿಗಿಯದೆ, ಬೀಳದೆ ಮೇಲೇರಿತು. ಗಾಳಿಯ ನಳಿಗೆಗಳಿಗೆ ಒಂದು ರಬ್ಬರ್ ಕೊಳವೆ ಹಿಡಿದು ಇನ್ನೊಂದು ತುದಿ ಕಿವಿಗಿಟ್ಟುಕೊಂಡು, ಎಲ್ಲಾದರೂ ಸುಸ್ ಎಂದು ಸೋರುತ್ತಿದೆಯೋ ಎಂದು ಕೇಳಿದರು. ಇಲ್ಲ. ಆಮೇಲೆ ಅವರು ಮಾಡಿದ ಪರೀಕ್ಷೆ ಬಹಳ ಸರಳವಾದದ್ದು. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಕಡ್ಡಿ ಕಂಪ್ಯೂಟರಿನ ಅರ್ಥ್ ವಾಯರಿಗೆ. ಎರಡೂ ಮೈನಸ್ಸೇ. ನಡುವಿನ ಹಾದಿ ಚೊಕ್ಕಟವಾಗಿದ್ದರೆ ಮೀಟರಿನಲ್ಲಿ ಸೊನ್ನೆ ಬರಬೇಕು, ಬಹಳವಾದರೆ 0.1. ಎಂಜಿನ್ ಓಡುತ್ತಿದ್ದಾಗ ಬಂದದ್ದು 0.5 ವೋಲ್ಟ್. ಸೊಸೆ ಲೈಟಿನ ಸ್ವಿಚ್ಚು ಒತ್ತಿದಳು. 1.4.

ಇಲ್ಲಿ ಫೈಬರ್ ಮೈಯ ಕಥೆ ಬರುತ್ತದೆ. ಮಾರುತಿ 800ರಂಥ ತಗಡಿನ ಕಾರಿನಲ್ಲಿ ಬ್ಯಾಟರಿಯ ಮೈನಸ್ಸನ್ನು ಕಾರಿನ ಮೈಗೇ ಜೋಡಿಸಿರುತ್ತಾರೆ. ದೀಪಕ್ಕೆ ಪ್ಲಸ್ಸಿನ ಒಂದು ವಾಯರು ಎಳೆದರೆ ಸಾಕು, ವಿದ್ಯುತ್ತು ತಗಡಿನ ಮೂಲಕ ಬ್ಯಾಟರಿಗೆ ಮರಳುತ್ತದೆ. ಇಡೀ ಕಾರೇ ಒಂದು ದಪ್ಪ ವಾಯರು. ಫೈಬರ್ ಗ್ಲಾಸ್ ಅಂದರೆ ಗಾಜಿನ ನೂಲಿಗೆ ರಾಳ ಹಾಕಿ ಗಟ್ಟಿಮಾಡಿದ್ದು. ಅದು ತುಕ್ಕು ಹಿಡಿಯುವುದಿಲ್ಲ, ವಿದ್ಯುತ್ತನ್ನೂ ಹರಿಸುವುದಿಲ್ಲ. ಹಾಗಾಗಿ ಪ್ರತಿ ದೀಪಕ್ಕೂ ಹೋಗುವ ವಾಯರಿನ ಜೊತೆ ಮರಳುವ ವಾಯರೂ ಬೇಕು. ಅಮೆರಿಕದ 1953ರ ಷೆವರ್ಲೆ ಕಾರ್ವೆಟ್, ಇಂಗ್ಲೆಂಡಿನ 1962ರ ಲೋಟಸ್ ಎಲಾನ್ ಕಾರುಗಳ ಮೈಯೂ ಫೈಬರಿನದೇ. ಅಂಥ ಹಳೆಯ ಕಾರು ಇಟ್ಟುಕೊಂಡವರು ವಿದ್ಯುತ್ತಿನ ತೊಂದರೆ ಬಂದರೆ ಮೊದಲು ಅರ್ಥ್ ಜೋಡಣೆ ನೋಡುತ್ತಾರೆ.

ನಮ್ಮ ಕಾರಿಗೆ ಹಿಂದೆಂದೋ ಕರಾವಳಿಯಲ್ಲಿ ಹೊಸ ವಾಯರಿಂಗ್ ಆಗಿತ್ತು. ಆಗ ಯಾರೋ ಕೆಲಸ ಉಳಿಸಲು ಹೆಡ್‌ಲೈಟು, ಕಾಯಿಲ್, ಪಂಪು, ಕಂಪ್ಯೂಟರು ಎಲ್ಲದರ ಮರಳುವ ವಾಯರುಗಳನ್ನೂ ಚಾಸಿಯ ಒಂದೇ ಬೋಲ್ಟಿನ ಕೆಳಗೆ ತುರುಕಿದ್ದರು. ಆಮೇಲೆ ಎಷ್ಟೋ ಮಳೆಗಾಲ ಉಪ್ಪುಗಾಳಿ. ಕಾಕಾ ಬ್ಯಾಟರಿಯ ತಳಿಗೆ ಎತ್ತಿ ಆ ಬೋಲ್ಟು ಬಿಚ್ಚಿದಾಗ ತಾಮ್ರದ ಕೊನೆಗಳೆಲ್ಲ ಹಸಿರು ಪುಡಿ.

ಎರಡು ಹೆಡ್‌ಲೈಟು ಅಂದರೆ 55ರಂತೆ 110 ವ್ಯಾಟ್. 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 9 ಆಂಪಿಯರ್. ಲೈಟು ಹಾಕಿದಾಗ ಹೆಚ್ಚಾದದ್ದು 0.9 ವೋಲ್ಟ್. 0.9ನ್ನು 9ರಿಂದ ಭಾಗಿಸಿ: 0.1 ಓಮ್. ಹತ್ತರಲ್ಲಿ ಒಂದು ಓಮಿನ ಕೊಳೆ! ಸಣ್ಣ ವಿದ್ಯುತ್ತಿಗೆ ಅದು ಲೆಕ್ಕಕ್ಕಿಲ್ಲ. ದೊಡ್ಡ ವಿದ್ಯುತ್ತು ಹರಿದಾಗ ಅದೇ ಅಣೆಕಟ್ಟಾಗುತ್ತದೆ. ಆಗ ಕಾಯಿಲ್ಲಿಗೂ ಪಂಪಿಗೂ ಸಿಗುವ ವೋಲ್ಟು ಅಷ್ಟು ಕಡಿಮೆ. ಸಾವಕಾಶ ಹೋಗುವಾಗ ಬಡಕಲು ಕಿಡಿಯೂ ನಡೆಯುತ್ತದೆ. ಗಪ್ಪನೆ ತುಳಿದಾಗ ಸಿಲಿಂಡರಿನೊಳಗೆ ಗಾಳಿ ತುಂಬಿ ಒತ್ತಡ ಏರುತ್ತದೆ. ಆ ಒತ್ತಡದಲ್ಲಿ ಕಿಡಿ ಜಿಗಿಯಲು ಹೆಚ್ಚು ಬಲ ಬೇಕು. ಬಲ ಸಾಲದೆ ಕಿಡಿ ತಪ್ಪುತ್ತದೆ. ಗ್ಯಾಪ್ ಅಂದರೆ ಅದು. ಹೊಸ ಪ್ಲಗ್ಗು, ಹೊಸ ಕಾಯಿಲ್, ಹೊಸ ಪಂಪು ಹಾಕಿದರೂ ಹೋಗದ್ದಕ್ಕೆ ಕಾರಣ, ಅವೆಲ್ಲವೂ ಮರಳುತ್ತಿದ್ದದ್ದು ಅದೇ ಬೋಲ್ಟಿಗೆ.

ಕಾಕಾ ಬಿಚ್ಚಿದ ಒಂದು ವಾಯರಿನ ತುಣುಕನ್ನು ಸೊಸೆ ಮನೆಗೆ ತಂದು ಅವ್ವನ ಕೈಯಲ್ಲಿಟ್ಟಳು. ಅವ್ವ ಬೆಳಕಿಗೆ ಹಿಡಿದು ನೋಡಿ, “ಇದು ಕಿಲುಬು. ಹುಣಸಿಹಣ್ಣು ಹಚ್ಚಿ ತಿಕ್ಕಿದರ ಹೋಗ್ತದಲ್ಲ,” ಅಂದಳು. ತಾಮ್ರದ ಹಂಡೆಗೆ ಅದು ಸರಿ. ವಾಯರಿನ ಜೋಡಣೆಗೆ ಹುಳಿ ಬಳಸಬಾರದು, ಎಳೆಗಳ ನಡುವೆ ಉಳಿದು ಮತ್ತೆ ಕಿಲುಬು ತರುತ್ತದೆ. ಕಾಕಾ ಕೊಳೆತ ತುದಿಗಳನ್ನು ಕತ್ತರಿಸಿ, ಹೊಸ ಲಗ್ಗು ಹಾಕಿ, ಚಾಸಿಯ ಕಬ್ಬಿಣವನ್ನು ಪಾಲಿಶ್ ಕಾಗದದಿಂದ ಹೊಳೆಯುವ ತನಕ ತಿಕ್ಕಿದರು. ಹೆಡ್‌ಲೈಟಿಗೆ ಬೇರೆ ಬೋಲ್ಟು, ಕಂಪ್ಯೂಟರಿಗೆ ಬೇರೆ ಬೋಲ್ಟು. ಎಂಜಿನ್ನಿನಿಂದ ಬ್ಯಾಟರಿಗೆ ಹೊಸದೊಂದು ದಪ್ಪ ಕೇಬಲ್. ಬಿಗಿ ಮಾಡಿದ ಮೇಲೆ ಗಾಳಿ ನೀರು ತಾಗದಂತೆ ವ್ಯಾಸಲಿನ್. ಸಾಮಾನಿಗೆ 480 ರೂಪಾಯಿ, ಕಾಕಾನ ಕೂಲಿ 700. ಮೀಟರು ಮತ್ತೆ ಹಚ್ಚಿದರು. ಲೈಟು ಹಾಕಿದರೂ 0.05.

ಆ ಸಂಜೆ ಲೈಟು ಹಾಕಿಕೊಂಡು ಅದೇ ಖಾಲಿ ರಸ್ತೆಗೆ ಹೋದೆವು. ಸೊಸೆ ಮೂರನೆಯ ಗೇರಿನಲ್ಲಿ ತುಳಿದಳು. ಕಾರು ಏನನ್ನೂ ವಿಚಾರ ಮಾಡಲಿಲ್ಲ. ಅವಳು ಮುಂದೆ ನಿಲ್ಲಿಸಿ, ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಳು. “ಪಪ್ಪ ಇದ್ದಾಗ ಹಿಂಗ ಓಡತಿತ್ತು,” ಅಂದಳು ಆಮೇಲೆ. ನಾನು ವಹಿಯಲ್ಲಿ 27ನೆಯ ಸಾಲು ಬರೆದೆ: ಸಂಜೆ 7.10, ಎಂಜಿನ್ ಬಿಸಿ, ಲೈಟು ಇದೆ, ಗ್ಯಾಪ್ ಇಲ್ಲ.

ಮಾರ್ಚ್ ಮೂರನೆಯ ವಾರ ತಪಾಸಣೆ ಮುಗಿದು ಐದು ವರ್ಷಕ್ಕೆ ನೋಂದಣಿಯಾಯಿತು. ಗುಜರಿಯವನ ಫೋನಿಗೆ ವೈನಿ ತಾವೇ ಉತ್ತರ ಕೊಟ್ಟರು.

ಅವ್ವ ಒಪ್ಪಿದ್ದು ಮಾತ್ರ ಎರಡು ಕರಾರಿನ ಮೇಲೆ. ಬೈಪಾಸಿಗೆ ಹೋಗಬಾರದು, ಊರೊಳಗಿನ ಹಳೆಯ ರಸ್ತೆಯಲ್ಲೇ ಧಾರವಾಡಕ್ಕೆ ಹೋಗಬೇಕು. ಅದಕ್ಕೆ ಸೊಸೆ ಎದುರಾಡಲಿಲ್ಲ. ಎಂಜಿನ್ನಿನ ಗ್ಯಾಪ್ ಹೋದರೂ ಆ ರಸ್ತೆಯಲ್ಲಿ ಎದುರಿನಿಂದ ಬರುವವರು ಅವರೇ, ಮತ್ತು ಇಪ್ಪತ್ತು ವರ್ಷದ ಈ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ. ಎರಡನೆಯ ಕರಾರು, ವಹಿ ನಿಲ್ಲಿಸಬಾರದು. ಈಗ ಅದರಲ್ಲಿ ಗ್ಯಾಪಿನ ಸಾಲುಗಳಿಲ್ಲ. ಎಣ್ಣೆ ಬದಲಿಸಿದ ದಿನ, ಬ್ರೇಕು ನೋಡಿಸಿದ ದಿನ, ಪ್ರತಿ ಮಳೆಗಾಲದ ಕೊನೆಗೆ ಅರ್ಥ್ ಬೋಲ್ಟು ಬಿಚ್ಚಿ ತಿಕ್ಕಿದ ದಿನ ಇವೆ. ಬೋಲ್ಟು ತಿಕ್ಕುವ ಕೆಲಸಕ್ಕೆ ಕಾಕಾ ಬೇಕಾಗಿಲ್ಲ, ಸೊಸೆಯೇ ಮಾಡುತ್ತಾಳೆ. ಪಾಲಿಶ್ ಕಾಗದ ಕೊಡುವುದು ಅವಳ ಅಜ್ಜಿ.